ಜಾಂಗೋದಲ್ಲಿ ಸ್ವಂತ ಸಿಎಂಎಸ್ ಬರೆಯಲು ಹೊರಟಿದ್ದೀರಾ? ಸ್ವಲ್ಪ ನಿಲ್ಲಿ

ಸಿಎಂಎಸ್ ಅಂದರೆ ಕೋಡ್ ಬರೆಯದೆ ವೆಬ್‌ಸೈಟಿಗೆ ಲೇಖನ ಹಾಕಿ, ತಿದ್ದಿ, ಪ್ರಕಟಿಸುವ ತಂತ್ರಾಂಶ, ವರ್ಡ್‌ಪ್ರೆಸ್ ಅಂಥದ್ದೊಂದು. ಜಾಂಗೋ ಅಂದರೆ ವೆಬ್‌ಸೈಟ್ ಕಟ್ಟೋಕೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಿಗುವ ಸಿದ್ಧ ಸಾಮಗ್ರಿ. "ವರ್ಡ್‌ಪ್ರೆಸ್ ಯಾಕೆ, ಜಾಂಗೋದಲ್ಲಿ ನಾನೇ ಒಂದು ಸಿಎಂಎಸ್ ಬರೆದು ಕೊಡ್ತೀನಿ, ವಾರದ ಕೆಲಸ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2017ರಲ್ಲಿ ಈ ಮಾತು ಆಡಿದವನು ನಾನೇ. ಕೇಳಿ ನಂಬಿದವರು ಧಾರವಾಡದ ಒಂದು ಪುಟ್ಟ ಮಾಸಪತ್ರಿಕೆಯವರು. ಅದರ ಸಂಪಾದಕಿ ನಿವೃತ್ತ ಉಪನ್ಯಾಸಕಿ, ಎಲ್ಲರ ಬಾಯಲ್ಲೂ ಮೇಡಂ.

ಜಾಂಗೋ ಹುಟ್ಟಿದ್ದೇ ಅಮೆರಿಕದ ಲಾರೆನ್ಸ್ ಅನ್ನೋ ಊರಿನ ಪತ್ರಿಕೆ ಕಚೇರಿಯಲ್ಲಿ, ಜಗತ್ತಿಗೆ ಸಿಕ್ಕಿದ್ದು 2005ರಲ್ಲಿ. "ಪತ್ರಿಕೆಯವರಿಗಾಗಿಯೇ ಮಾಡಿದ್ದು ಮೇಡಂ" ಅಂತ ಜಂಬ ಕೊಚ್ಚಿದ್ದೆ. ಮೂರನೇ ದಿನಕ್ಕೆ ಲಾಗಿನ್, ಲೇಖನ ಸೇರಿಸುವ ಫಾರ್ಮ್, ಹುಡುಕುವ ಡಬ್ಬಿ ಎಲ್ಲ ರೆಡಿ. ಇದೇ ಮೋಸ ನೋಡಿ. ಜಾಂಗೋ ಜತೆ ಅಡ್ಮಿನ್ ಪುಟ, ಅಂದರೆ ಮಾಹಿತಿ ಸೇರಿಸಿ ತಿದ್ದುವ ಪುಟ, ಪುಕ್ಕಟೆ ಸಿಗುತ್ತೆ, ನೋಡೋಕೆ ಸಿಎಂಎಸ್ ಥರಾನೇ ಇರುತ್ತೆ, ಆದರೆ ಅದು ಡೇಟಾಬೇಸಿಗೆ ಹಚ್ಚಿದ ಬಾಗಿಲು ಅಷ್ಟೇ. ಲೇಖನ ಅಚ್ಚಿಗೆ ಮುಂಚೆ ಹೇಗೆ ಕಾಣುತ್ತೆ, ತಿದ್ದುವ ಮುಂಚೆ ಏನಿತ್ತು, ಹಳೆ ಪ್ರತಿ ಎಲ್ಲಿ, ಇದ್ಯಾವುದೂ ಅದಕ್ಕೆ ಗೊತ್ತಿಲ್ಲ.

ಮೊದಲ ಪೆಟ್ಟು ಸ್ಲಗ್‌ನಿಂದ ಬಿತ್ತು. ಸ್ಲಗ್ ಅಂದರೆ ಲೇಖನದ ಲಿಂಕಿನ ಕೊನೆಯ ತುಂಡು, ಶೀರ್ಷಿಕೆಯಿಂದ ತಾನೇ ಹುಟ್ಟೋ ಹಾಗೆ ಬರೆದಿದ್ದೆ. ಸ್ಲಗ್ ಮಾಡಿಕೊಡೋ ಜಾಂಗೋದ ಸ್ಲಗಿಫೈ ಸುಮ್ನೆ ಬಿಟ್ಟರೆ ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಮಿಕ್ಕಿದ್ದೆಲ್ಲ ತೆಗೆದು ಹಾಕುತ್ತೆ, ಕನ್ನಡ ಶೀರ್ಷಿಕೆ ಕೊಟ್ಟರೆ ಸಿಗೋದು ಖಾಲಿ. ಮೊದಲ ಲೇಖನ ಉಳಿಯಿತು. ಎರಡನೆಯದಕ್ಕೂ ಅದೇ ಖಾಲಿ ಸ್ಲಗ್, ಎರಡು ಒಂದೇ ಥರ ಇರಬಾರದು ಅಂತ ನಾನೇ ನಿಯಮ ಹಾಕಿದ್ದೆ, ಹಾಗಾಗಿ ಸರ್ವರ್ ಕೈಕೊಟ್ಟಿತು ಅನ್ನೋ 500 ಎರರ್. ನಾನು ಪರೀಕ್ಷೆ ಮಾಡಿದ್ದೆಲ್ಲ 'ಟೆಸ್ಟ್ ಒನ್', 'ಟೆಸ್ಟ್ ಟೂ' ಅಂತ ಇಂಗ್ಲಿಷಿನಲ್ಲಿ. ಕನ್ನಡ ಪತ್ರಿಕೆಗೆ!

ಯೂನಿಕೋಡ್ ಇರಲಿ, ಅಂದರೆ ಇಂಗ್ಲಿಷ್ ಅಲ್ಲದ ಅಕ್ಷರಕ್ಕೂ ಅವಕಾಶ ಕೊಡು ಅನ್ನೋ ಆಯ್ಕೆ ಇದೆ, ಹಾಕಿದೆ. ಆಗ "ಮಳೆಗಾಲದ ಅಡುಗೆ" ಅನ್ನೋ ಲೇಖನದ ಲಿಂಕ್ "ಮಳಗಲದ-ಅಡಗ" ಆಯಿತು. ಪೈಥಾನಿನ ಲೆಕ್ಕದಲ್ಲಿ ಅಕ್ಷರ ಅಂದರೆ ಅಕ್ಷರ ಮಾತ್ರ. ನಮ್ಮ ಕೊಂಬು, ಇಳಿ, ಒತ್ತು ಹುಟ್ಟಿಸೋ ಹಲಂತ ಚಿಹ್ನೆ ಇವೆಲ್ಲ ಅದಕ್ಕೆ ಬೇರೆ ಜಾತಿ, ಹಾಗಾಗಿ ಕಿತ್ತು ಎಸೆಯುತ್ತೆ. "ಕನ್ನಡ" ಹೋಗಿ "ಕನನಡ" ಆಗಿತ್ತು. ಸರಿಯಾದ ಕನ್ನಡ ಸ್ಲಗ್ಗನ್ನು ಕೈಯಾರೆ ಟೈಪ್ ಮಾಡಿದರೂ ಫಾರ್ಮ್ ತಗೊಳ್ಳಲಿಲ್ಲ, ತಪಾಸಣೆಗೂ ಅದೇ ನಿಯಮ. ನಾನು ಇದನ್ನು ನೋಡುವಷ್ಟರಲ್ಲಿ ಎರಡು ಸಂಚಿಕೆಯ ಲಿಂಕುಗಳು ವಾಟ್ಸಾಪಿನಲ್ಲಿ ಓಡಾಡುತ್ತಿದ್ದವು.

ನಿಜವಾದ ನಷ್ಟ ಮಾತ್ರ ಇನ್ನೊಂದು. ಒಂದು ದಿನ ಬೆಳಿಗ್ಗೆ ಮೇಡಂ ಫೋನ್: "ರಾತ್ರಿ ಎರಡು ತಾಸು ಕುಂತು ತಿದ್ದೇನಿ, ಮುಂಜಾನೆ ನೋಡಿದ್ರ ಒಂದೂ ಇಲ್ಲ. ಎಲ್ಲಿ ಹೋದ್ವಪಾ?" ಕರಡು ತಿದ್ದುವ ಹುಡುಗ ಅದೇ ಲೇಖನವನ್ನು ಸಂಜೆಯಿಂದ ತೆರೆದಿಟ್ಟುಕೊಂಡಿದ್ದ. ಮಲಗೋ ಮುಂಚೆ ಒಂದು ಕಾಮಾ ಸರಿ ಮಾಡಿ ಸೇವ್ ಒತ್ತಿದ್ದ. ಅವನ ಹಳೆ ಪ್ರತಿ ಮೇಡಂ ತಿದ್ದಿದ್ದರ ಮೇಲೆ ಕೂತುಬಿಟ್ಟಿತು. ಅಡ್ಮಿನ್‌ನಲ್ಲಿ ಹಿಸ್ಟರಿ ಅಂತ ಒಂದು ಬಟನ್ ಇದೆಯಲ್ಲ, ಎದೆ ಹಿಡಿದುಕೊಂಡು ಒತ್ತಿದೆ. ಇಷ್ಟು ಹೊತ್ತಿಗೆ ಇವರು ಈ ಕಾಲಂ ಬದಲಿಸಿದರು, ಅಷ್ಟೇ. ಹಳೆ ಪಠ್ಯ ಎಲ್ಲೂ ಇಲ್ಲ. "ಹೋಗ್ಲಿ ಬಿಡು" ಅಂದರು ಮೇಡಂ. ಬೈದಿದ್ದರೆ ವಾಸಿ ಇತ್ತು.

ಆಮೇಲೆ ಒಂದೊಂದೇ ಸೇರಿಸುತ್ತಾ ಹೋದೆ. ಹಳೆ ಪ್ರತಿ ಉಳಿಸೋದು, ಬೀಗ ಹಾಕೋದು, ಮುನ್ನೋಟ, ಫೋಟೋ ಸಣ್ಣದು ಮಾಡೋದು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಲೇಖನ ಅಂಟಿಸಿದರೆ ಬರೋ ಚಿತ್ರವಿಚಿತ್ರ ಅಕ್ಷರ ಬದಲಿಸೋದು. ಎಲ್ಲ ರಜೆ ದಿನಗಳಲ್ಲಿ, ಎಲ್ಲ ಪುಕ್ಕಟೆ. ಹಾಳಾದ್ದು ಎಡಿಟರ್ ಪ್ಯಾಕೇಜಿನಲ್ಲಿ (ಲೇಖನ ಟೈಪ್ ಮಾಡೋ ಡಬ್ಬಿಗೆ ಬೇರೆಯವರು ಬರೆದ ಸಿದ್ಧ ಕೋಡ್) ಒಂದು ತೊಂದರೆ ಇತ್ತು, ಸರ್ವರಿನಲ್ಲಿ ಇನ್‌ಸ್ಟಾಲ್ ಆಗಿದ್ದ ಪ್ಯಾಕೇಜಿನ ಒಳಗೇ ಕೈ ಹಾಕಿ ತಿದ್ದಿದೆ. ಎಲ್ಲೂ ಬರೆದಿಡಲಿಲ್ಲ.

2020 ಬಂತು. ಪೈಥಾನ್ 2ರ ಕಥೆ ಜನವರಿಗೆ ಮುಗಿಯಿತು, ನಾವಿದ್ದ ಜಾಂಗೋ 1.11ರ ಬೆಂಬಲ ಏಪ್ರಿಲ್‌ಗೆ. ಮೇಲಿನ ಆವೃತ್ತಿಗೆ ಹೋಗಲೇಬೇಕು, ಹೋದರೆ ಪ್ಯಾಕೇಜೆಲ್ಲ ಹೊಸದಾಗಿ ಹಾಕಬೇಕು. ಹಾಕಿದೆ. ನಾನು ತಿದ್ದಿದ್ದೆಲ್ಲ ಅಳಿಸಿ ಹೋಯಿತು. ಏನು ತಿದ್ದಿದ್ದೆ ಅಂತ ನನಗೇ ನೆನಪಿಲ್ಲ. ಬೇರೆ ಯಾರನ್ನಾದರೂ ಕರೆಯೋಣ ಅಂದರೆ ಈ ಸಿಎಂಎಸ್ ಗೊತ್ತಿರುವ ಮನುಷ್ಯ ಭೂಮಿ ಮೇಲೆ ನಾನೊಬ್ಬನೇ. ಜಾಂಗೋ ಓಪನ್ ಸೋರ್ಸ್, ಅದರ ಕೋಡ್ ಎಲ್ಲರಿಗೂ ತೆರೆದಿದೆ, ಸರಿ. ಅದರ ಮೇಲೆ ನಾನು ಕಟ್ಟಿದ್ದು ನನ್ನ ತಲೆಯೊಳಗೆ ಮಾತ್ರ ಇತ್ತು. ನಾನು ಕಾಯಿಲೆ ಬಿದ್ದಿದ್ದರೆ ಪತ್ರಿಕೆಯ ಗತಿ ಏನಾಗುತ್ತಿತ್ತು?

ಕೊನೆಗೆ ವ್ಯಾಗ್‌ಟೇಲ್ ಅನ್ನೋ ಸಿದ್ಧ ಸಿಎಂಎಸ್‌ಗೆ ಹೋದೆವು. ಅದೂ ಜಾಂಗೋ ಮೇಲೆ ಕಟ್ಟಿದ್ದೇ, 2014ರಿಂದ ಇದೆ, ಅಂದರೆ ನಾನು ಜಂಬ ಕೊಚ್ಚಿದ ಕಾಲಕ್ಕೇ ಮೂರು ವರ್ಷದ್ದು. ಹಳೆ ಪ್ರತಿ, ಬೀಗ, ಮುನ್ನೋಟ ಎಲ್ಲ ಇದೆ. ನೀವು ಏನಾದರೂ ಬರೆಯುವ ಮುಂಚೆ ಇದನ್ನೋ, ವರ್ಡ್‌ಪ್ರೆಸ್ಸನ್ನೋ, ದ್ರುಪಾಲನ್ನೋ ಒಂದು ತಿಂಗಳು ನಿಮ್ಮ ಸಂಪಾದಕರ ಕೈಗೆ ಕೊಟ್ಟು ನೋಡಿ, ನೀವು ಬಳಸಿ ನೋಡೋದಲ್ಲ. ಇಬ್ಬರ ಕೈಲಿ ಒಂದೇ ಲೇಖನ ತೆರೆಸಿ. ಪರೀಕ್ಷೆಗೆ ಒತ್ತಕ್ಷರ ಇರೋ ಶೀರ್ಷಿಕೆ ಹಾಕಿ.

ಸ್ಲಗ್ ಈಗ ಇಂಗ್ಲಿಷ್ ಅಕ್ಷರದಲ್ಲಿ ಮೇಡಂ ತಾವೇ ಟೈಪ್ ಮಾಡುತ್ತಾರೆ. ಹಳೆ ಲಿಂಕುಗಳು ಸಾಯಬಾರದು ಅಂತ ಅವನ್ನು ಹೊಸ ಪುಟಕ್ಕೆ ತಿರುಗಿಸಿದ್ದೇನೆ. ಮೊನ್ನೆ ಮಳೆ ಹಿಡಿದಾಗ ಫೋನ್ ಮಾಡಿದ್ದರು: "ಏನಪಾ, ನಿಮ್ಮ ಮನಿಯಾಗ ಇವತ್ತ ಮಳಗಲದ ಅಡಗ ಏನು?"