ಹಿಂಬದಿ ನೋಡದೆ ಸಿಗರೇಟ್ ಸಿಲ್ಕ್ ಕ್ವಿಲ್ಟ್ ಕೊಳ್ಳಬೇಡಿ

ಹಳೇ ಸಿಗರೇಟ್ ಸಿಲ್ಕ್‌ಗಳ, ಅಂದರೆ ಸಿಗರೇಟ್ ಪ್ಯಾಕೆಟ್ ಜೊತೆ ಬರುತ್ತಿದ್ದ ಬಟ್ಟೆ ತುಂಡುಗಳ, ಕ್ವಿಲ್ಟ್ (ಕೌದಿ) ತರಿಸುವ ಯೋಚನೆಯಲ್ಲಿರುವವರು ದಯವಿಟ್ಟು ಇದನ್ನು ಓದಿ. ನಾನು ಪೆನ್ಸಿಲ್ವೇನಿಯಾದಲ್ಲಿರುವವಳು. ಹೋದ ತಿಂಗಳು ಆನ್‌ಲೈನ್‌ನಲ್ಲಿ 340 ಡಾಲರ್ ಕೊಟ್ಟು ಒಂದು ತರಿಸಿದೆ. ದುಡ್ಡು ಹೋದ ಬೇಸರ ಇದ್ದೇ ಇದೆ. ಆದರೆ ನೂರು ವರ್ಷ ಜೋಪಾನವಾಗಿ ಉಳಿದಿದ್ದ ಬಟ್ಟೆ ತುಂಡುಗಳನ್ನು ಯಾರೋ ಮಾರುವುದಕ್ಕೋಸ್ಕರ ಕೆಡಿಸಿದ್ದಾರಲ್ಲ, ಅದು ಇನ್ನೂ ಮನಸ್ಸಿನಿಂದ ಹೋಗಿಲ್ಲ.

1910ರ ಆಸುಪಾಸು ಅಮೆರಿಕದ ಸಿಗರೇಟ್ ಕಂಪನಿಗಳು ಪ್ಯಾಕೆಟ್ ಜೊತೆ ಚಿತ್ರ ಅಚ್ಚಾದ ಪುಟ್ಟ ಬಟ್ಟೆ ತುಂಡುಗಳನ್ನು ಕೊಡುತ್ತಿದ್ದವು. ದೇಶಗಳ ಬಾವುಟ, ಚಿಟ್ಟೆ, ಹೂವು, ನಟಿಯರು, ಬೇಸ್‌ಬಾಲ್ ಆಟಗಾರರು, ಹೀಗೆ. ಎಲ್ಲವನ್ನೂ ಸಿಲ್ಕ್ ಅಂತಲೇ ಕರೆದರೂ ಕೆಲವು ಹೊಳಪಿನ ಹತ್ತಿ ಬಟ್ಟೆ. ಗಂಡಸರು ಸೇದಿದ ಸಿಗರೇಟಿನ ಜೊತೆ ಬಂದದ್ದನ್ನು ಹೆಂಗಸರು ಕೂಡಿಟ್ಟು ದಿಂಬಿನ ಕವರು, ಕ್ವಿಲ್ಟ್ ಹೊಲಿದರು. ನಮ್ಮ ಧಾರವಾಡದ ಕಡೆ ಹಳೇ ಸೀರೆಗಳಿಂದ ಕೌದಿ ಹೊಲಿದ ಹಾಗೇ. ನನಗೆ ಇವುಗಳ ಮೇಲೆ ಪ್ರೀತಿ ಹುಟ್ಟಿದ್ದೂ ಅದಕ್ಕೇ.

ಜಾಹೀರಾತಿನಲ್ಲಿ ‘1880ರ ದಶಕದ್ದು, ಎಲ್ಲ ಅಸಲಿ’ ಅಂತ ಇತ್ತು. ಅಲ್ಲೇ ನಿಲ್ಲಬೇಕಿತ್ತು. 1880ರ ದಶಕದ ಕ್ರೇಜಿ ಕ್ವಿಲ್ಟ್‌ಗಳಲ್ಲಿ (ಅಡ್ಡಾದಿಡ್ಡಿ ಆಕಾರದ ತುಂಡು ಜೋಡಿಸಿ ಹೊಲಿದವು) ಬಳಸುತ್ತಿದ್ದದ್ದು ಸಿಗಾರ್ ಕಟ್ಟುಗಳಿಗೆ ಸುತ್ತಿ ಬರುತ್ತಿದ್ದ ಹಳದಿ ರೇಷ್ಮೆ ರಿಬ್ಬನ್. ಬಾವುಟದ ತುಂಡುಗಳು ಬಂದದ್ದು ಅದಕ್ಕೆ ಎಷ್ಟೋ ವರ್ಷ ಆದ ಮೇಲೆ. ಫೋಟೊದಲ್ಲಿ ಐದು ಬಣ್ಣದ ಪಟ್ಟಿಯ ಚೀನಾ ಬಾವುಟ ಎದ್ದು ಕಾಣುತ್ತಿತ್ತು. ಅದು ದೇಶದ ಬಾವುಟವಾದದ್ದೇ 1912ರಲ್ಲಿ. ಅಲ್ಲಿಯವರೆಗೆ ಚೀನಾದ್ದು ಹಳದಿ ಬಟ್ಟೆಯ ಮೇಲೆ ಡ್ರ್ಯಾಗನ್. ಇದು ನನ್ನ ಕಣ್ಣಿಗೆ ಬಿದ್ದಿತ್ತು. ಮಾರುವವರಿಗೆ ಗೊತ್ತಿಲ್ಲದಿರಬಹುದು, ಬಟ್ಟೆಯಂತೂ ಹಳೆಯದು ಅಂದುಕೊಂಡು ಸುಮ್ಮನಾದೆ.

ಪಾರ್ಸೆಲ್ ಬಿಚ್ಚಿ ಕೈಯಿಟ್ಟ ಕೂಡಲೇ ಅನುಮಾನ ಬಂತು. ರೇಷ್ಮೆ ರಟ್ಟಿನ ಹಾಗೆ ಸೆಟೆದುಕೊಂಡಿತ್ತು. ಕೆಂಪು ಬಟ್ಟೆಯ ಮೇಲೆ ಬಿಳಿ ಆನೆ ಇರುವ ಸಿಯಾಮ್ (ಈಗಿನ ಥಾಯ್ಲೆಂಡ್) ಬಾವುಟ ಎಷ್ಟು ಚೆಂದ ಇತ್ತು ಗೊತ್ತಾ! ಆನೆಯ ಹೊಟ್ಟೆಯ ಮೇಲೆ ಮೇಲಿಂದ ಕೆಳಗೆ ನಾಲ್ಕು ಸೀಳು. ಸೀಳಿನ ಅಂಚಿನ ಎಳೆಗಳು ಸುರುಳಿ ಸುತ್ತಿಕೊಂಡಿದ್ದವು, ನಡುವೆ ಸಾಲಾಗಿ ಬಿಳಿ ಅಂಟಿನ ಚುಕ್ಕಿ. ಒಂದು ಮೂಲೆಯ ಹೊಲಿಗೆ ಬಿಚ್ಚಿ ಸೂಜಿಯಿಂದ ಎತ್ತಿ ನೋಡಿದೆ. ಟೈಲರ್‌ಗಳು ಕಾಲರಿಗೆ ಇಸ್ತ್ರಿ ಮಾಡಿ ಅಂಟಿಸುತ್ತಾರಲ್ಲ, ಅಂಥದೇ ಕ್ಯಾನ್ವಾಸ್. ಪ್ರತಿಯೊಂದು ತುಂಡಿಗೂ.

ಆ ಕಾಲದ ರೇಷ್ಮೆಗೆ ಬಿಸಿ ಇಸ್ತ್ರಿ ಯಾಕೆ ಆಗದು ಅಂದರೆ, ರೇಷ್ಮೆ ಎಳೆಗೆ ಹುಳುವಿನಿಂದಲೇ ಬರುವ ಸಹಜ ಅಂಟನ್ನು ತೆಗೆದಾಗ ಅದರ ತೂಕ ಸುಮಾರು ಕಾಲು ಭಾಗ ಇಳಿಯುತ್ತದೆ. ಆ ನಷ್ಟ ತುಂಬಿಸಲು, ಕೆಲವೊಮ್ಮೆ ಅದಕ್ಕಿಂತ ಹೆಚ್ಚೇ, ತವರದ ಲವಣಗಳಲ್ಲಿ ಅದ್ದುತ್ತಿದ್ದರು. ಬಟ್ಟೆ ತೂಗುತ್ತಿತ್ತು, ಮೈತುಂಬ ಕಾಣುತ್ತಿತ್ತು. ಆದರೆ ಅದೇ ಲವಣ ವರ್ಷಗಳುದ್ದಕ್ಕೂ ಎಳೆಯನ್ನು ಒಳಗಿಂದ ತಿನ್ನುತ್ತದೆ. ಮೊದಲೇ ಹಾಗೆ ಬಳಲಿದ ಬಟ್ಟೆಗೆ ಬಿಸಿ ಇಸ್ತ್ರಿ, ಮೇಲೆ ಅಂಟು. ಆ ಅಂಟು ಬಿಡಿಸಲು ಹೋದರೆ ರೇಷ್ಮೆಯೇ ಪುಡಿಯಾಗುತ್ತದೆ.

ರಾತ್ರಿ ದೀಪ ಆರಿಸಿ ಅಲ್ಟ್ರಾವೈಲೆಟ್ ಟಾರ್ಚ್ ಹಾಕಿದೆ. ಹೊಲಿಗೆ ದಾರ ಪೂರ್ತಿ ನೀಲಿಬಿಳಿಯಾಗಿ ಹೊಳೆಯಿತು, ಜೊತೆಗೆ ಆರು ತುಂಡುಗಳೂ. ಹಾಗೆ ಹೊಳೆದರೆ ದಾರ, ಬಟ್ಟೆ ಈಗಿನ ಕಾಲದ್ದಿರಬಹುದು ಅಂತ ಅನುಮಾನ. ಈಗಿನ ಸೋಪಿನ ಪುಡಿಯಲ್ಲಿ ಒಗೆದ ಹಳೇ ಬಟ್ಟೆಯೂ ಹಾಗೆ ಹೊಳೆಯಬಹುದು, ಇದೊಂದನ್ನೇ ನಂಬಬೇಡಿ. ಆ ಆರರ ಅಂಚಿನಿಂದ ಒಂದೊಂದು ಎಳೆ ತೆಗೆದು ಸುಟ್ಟೆ. ರೇಷ್ಮೆಯಾಗಿದ್ದರೆ ಬರುವ ಕೂದಲು ಸುಟ್ಟ ವಾಸನೆ ಬರಲಿಲ್ಲ, ಕರಗಿ ಗಟ್ಟಿ ಮಣಿಯಾಯಿತು. ಪಾಲಿಯೆಸ್ಟರ್! ಮಾರಿದವರಿಗೆ ಬರೆದರೆ ‘ಹಳೇ ವಸ್ತು, ವಾಪಸ್ ಇಲ್ಲ’ ಅಂತ ಒಂದೇ ಸಾಲಿನ ಉತ್ತರ.

ಆ ಆರು ನಕಲಿಗಿಂತ ನನಗೆ ಸಂಕಟ ಆಗಿದ್ದು ಉಳಿದ ಅಸಲಿ ತುಂಡುಗಳನ್ನು ನೋಡಿ. ಕೊಳ್ಳುವ ಮೊದಲು ಹಿಂಬದಿಯ ಫೋಟೊ ಕೇಳಿ. ಕಿಟಕಿಗೆ ಹಿಡಿದು ತೆಗೆದ ಫೋಟೊ ಕೇಳಿ. ನಮ್ಮಜ್ಜಿ ಕೌದಿಗೆ ಇಳಕಲ್ ಸೀರೆಯ ತುಂಡು ಆರಿಸುವಾಗ ಬೆಳಕಿಗೆ ಹಿಡಿದೇ ನೋಡುತ್ತಿದ್ದಳು, ಸವೆದ ಜಾಗ ಗೆರೆಗೆರೆಯಾಗಿ ಬೆಳಗುತ್ತಿತ್ತು. ಇಸ್ತ್ರಿ ಅಂಟು ಹಾಕಿದ್ದೀರಾ ಅಂತ ನೇರವಾಗಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಈಗಾಗಲೇ ನಿಮ್ಮ ಹತ್ತಿರ ಇದ್ದರೆ ನೀರಿಗೆ ಹಾಕಬೇಡಿ, ಮಡಿಸಿಡಬೇಡಿ, ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಆಮ್ಲವಿಲ್ಲದ ಕಾಗದ ಹಾಕಿ ಚಪ್ಪಟೆಯಾಗಿ ಇಡಿ.

ಮೊನ್ನೆ ಇನ್ನೊಂದು ಕಡೆ ಚಿಟ್ಟೆಗಳ ಕ್ವಿಲ್ಟ್ ಕಂಡಿತು. ಹಿಂಬದಿಯ ಫೋಟೊ ಕಳಿಸಿ ಅಂತ ಬರೆದೆ. ಅದುವರೆಗೆ ಗಂಟೆಗೊಂದು ಸಲ ಉತ್ತರ ಕೊಡುತ್ತಿದ್ದವರು ಅಲ್ಲಿಗೆ ಮಾತು ನಿಲ್ಲಿಸಿದರು. ನಾನು ಅದನ್ನು ಕೊಳ್ಳಲಿಲ್ಲ.