ಕೆಟಲಿನ ಸುಣ್ಣಕ್ಕೆ ಯಾವ ಹುಳಿ?

ನಮ್ಮದು ಬೋರ್‌ವೆಲ್ ನೀರಿನ ಮನೆ. ಎರಡು ತಿಂಗಳು ಬಿಟ್ಟರೆ ಸಾಕು, ಕೆಟಲಿನ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಚಮಚದಿಂದ ಕೆರೆದರೆ ಮೊಟ್ಟೆಯ ಸಿಪ್ಪೆಯಂತೆ ಚೂರು ಏಳುತ್ತದೆ. ಮೊಟ್ಟೆಯ ಸಿಪ್ಪೆಯೂ ಇದೂ ಬಹುಪಾಲು ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ ಕಾದಾಗ ಒಡೆದು ಹೀಗೆ ತಳ ಹಿಡಿಯುತ್ತದೆ. ಇದನ್ನು ಕರಗಿಸಲು ಬೇಕಾದ ರಾಸಾಯನಿಕ ಕಾರಕ ಆಮ್ಲ. ಮನೆಯಲ್ಲಿ ಸುಲಭವಾಗಿ ಸಿಗುವ ನಾಲ್ಕು ಹುಳಿಗಳನ್ನು ಒಂದೊಂದಾಗಿ ಹಚ್ಚಿ ನೋಡಿದೆ.

ಮೊದಲು ವಿನೆಗರ್. ಸುರಿದೊಡನೆ ಸಣ್ಣ ಗುಳ್ಳೆಗಳು ಎದ್ದವು, ಮನೆ ತುಂಬ ಉಪ್ಪಿನಕಾಯಿ ಜಾಡಿ ಒಡೆದಂಥ ವಾಸನೆ. ಅರ್ಧ ಗಂಟೆಯಲ್ಲಿ ಗುಳ್ಳೆ ಸುಸ್ತಾದವು, ಪದರ ಹಾಗೇ ಇತ್ತು. ಲೆಕ್ಕ ಹಾಕಿದಾಗ ಕಾರಣ ತಿಳಿಯಿತು: ಅದರಲ್ಲಿರುವ ಅಸಿಟಿಕ್ ಆಮ್ಲ ನೂರಕ್ಕೆ ಐದರಷ್ಟೇ. 100 ಗ್ರಾಂ ಸುಣ್ಣ ಕರಗಿಸಲು ಸುಮಾರು 2.4 ಲೀಟರ್ ಬೇಕು! ಶವರಿನ ತೂತುಗಳಿಗೆ ಮಾತ್ರ ಇದು ಸರಿ. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಶವರಿಗೆ ಕಟ್ಟಿ ರಾತ್ರಿಯಿಡೀ ಬಿಟ್ಟರೆ ತೂತುಗಳು ತೆರೆದುಕೊಳ್ಳುತ್ತವೆ.

ಎರಡನೆಯದು ಬಚ್ಚಲು ತೊಳೆಯುವ ಆಸಿಡ್, ಅಂದರೆ ಹೈಡ್ರೋಕ್ಲೋರಿಕ್ ಆಮ್ಲ. ಕೆಟಲಿಗೆ ಹಾಕುವ ಧೈರ್ಯ ಬರಲಿಲ್ಲ, ಕೊಳಾಯಿಗೆ ಹಚ್ಚಿದೆ. ನೊರೆ ಉಕ್ಕಿತು, ಎರಡೇ ನಿಮಿಷದಲ್ಲಿ ಕರೆ ಮಾಯವಾಯಿತು. ಜೊತೆಗೆ ಕೊಳಾಯಿಯ ಹೊಳಪೂ ಹೋಯಿತು. ಉಕ್ಕಿನ ಕಾರ್ಖಾನೆಗಳಲ್ಲಿ ತಗಡಿನ ತುಕ್ಕು ತೆಗೆಯಲು ಬಳಸುವ ಆಮ್ಲವೇ ಇದು. ಲೋಹವನ್ನು ಉಳಿಸಿ ಕರೆಯನ್ನು ಮಾತ್ರ ತಿನ್ನು ಎಂದರೆ ಕೇಳುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿಗೂ ಕ್ಲೋರೈಡ್ ಸಣ್ಣ ಗುಂಡಿಗಳನ್ನು ಕೊರೆಯುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದ ಜಾಗದಲ್ಲಂತೂ ಇದನ್ನು ಸುರಿಯಲೇಬಾರದು, ಕ್ಲೋರಿನ್ ಅನಿಲ ಏಳುತ್ತದೆ. ನನ್ನ ಮನೆಗೆ ಇದು ಇನ್ನು ಬರುವುದಿಲ್ಲ.

ಮೂರನೆಯದು ದಿನಸಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ. ಮೊದಲ ಸಲ ನಾನೇ ಕೆಡಿಸಿಕೊಂಡೆ. ಬಿಸಿ ಇದ್ದರೆ ಬೇಗ ಕರಗುತ್ತದೆ ಎಂದು ಕೆಟಲಿನಲ್ಲಿ ಹಾಕಿ ಕುದಿಸಿದರೆ ಹಳೆಯ ಪದರ ಹೋಗಿ ತಳದಲ್ಲಿ ಹೊಸ ಬಿಳಿ ಹುಡಿ ಕೂತಿತು! ಅದು ಕ್ಯಾಲ್ಸಿಯಂ ಸಿಟ್ರೇಟ್. ತಣ್ಣೀರಿಗಿಂತ ಬಿಸಿನೀರಿನಲ್ಲಿ ಕಡಿಮೆ ಕರಗುವ ವಿಚಿತ್ರ ಪದಾರ್ಥ. ಎರಡನೆಯ ಸಲ ಒಂದು ಲೀಟರ್ ತಣ್ಣೀರಿಗೆ ಎರಡು ದೊಡ್ಡ ಚಮಚ ಹಾಕಿ ಗಂಟೆ ಹೊತ್ತು ಸುಮ್ಮನೆ ಬಿಟ್ಟೆ. ಪದರ ತಾನಾಗಿ ಸಡಿಲವಾಗಿ, ತೊಳೆದಾಗ ತಳ ಕನ್ನಡಿಯಂತೆ ಕಂಡಿತು. ವಾಸನೆಯೂ ಇಲ್ಲ, ಹೊಗೆಯೂ ಇಲ್ಲ. ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಏಡಿ ಕೊಂಡಿಯಿಂದ ಹಿಡಿದಂತೆ ಹಿಡಿಯುತ್ತದೆ, ಆದ್ದರಿಂದಲೇ ಡಿಟರ್ಜೆಂಟ್ ತಯಾರಕರೂ ಅದನ್ನು ಬಳಸುತ್ತಾರೆ. ನಿಂಬೆ ಎಂಬ ಹೆಸರಿದ್ದರೂ ಇಂದಿನ ಸಿಟ್ರಿಕ್ ಆಮ್ಲಕ್ಕೆ ಹಣ್ಣಿನ ಹಂಗಿಲ್ಲ. 1917ರಲ್ಲಿ ಜೇಮ್ಸ್ ಕರಿ ಎಂಬ ಅಮೆರಿಕದ ವಿಜ್ಞಾನಿ ಕಪ್ಪು ಬೂಷ್ಟೊಂದು ಸಕ್ಕರೆ ತಿಂದು ಧಾರಾಳವಾಗಿ ಈ ಆಮ್ಲ ಕೊಡುವುದನ್ನು ತೋರಿಸಿದರು. ಅಲ್ಲಿಂದ ಬೂಷ್ಟೇ ಕಾರ್ಖಾನೆಯ ಕೂಲಿಯಾಳು.

ಕೊನೆಯದು ಅಮ್ಮನ ಪಂದ್ಯ: ಹುಣಸೆಹಣ್ಣು. ಕೆಟಲಿನ ಪದರ ಅದಕ್ಕೆ ಜಗ್ಗಲಿಲ್ಲ. ಅದರ ಟಾರ್ಟಾರಿಕ್ ಆಮ್ಲ ಕ್ಯಾಲ್ಸಿಯಂ ಜೊತೆ ಸೇರಿದರೆ ಹುಟ್ಟುವ ಲವಣ ನೀರಿನಲ್ಲಿ ಸರಿಯಾಗಿ ಕರಗದು. ಆದರೆ ಅದೇ ಹುಳಿಯನ್ನು ಅಮ್ಮ ದೇವರ ಮನೆಯ ಕಪ್ಪಾದ ಹಿತ್ತಾಳೆ ದೀಪಕ್ಕೆ ಉಜ್ಜಿದರು. ತಾಮ್ರದ ಕರಿ ಎದ್ದು ದೀಪ ಹೊಸದಾಯಿತು. ಅದೇ ದೀಪದ ಇನ್ನೊಂದು ಮಗ್ಗುಲಿಗೆ ನನ್ನ ನಿಂಬೆ ಉಪ್ಪನ್ನೂ ಹಚ್ಚಿದೆವು. ಅದೂ ಹೊಳೆಯಿತು. ಅಮ್ಮ ನೋಡಿ, “ಆದರೂ ಹುಣಸೆಯದ್ದೇ ಚೆನ್ನ” ಎಂದರು.