ವಾನಿಕಾನಿಗೆ ಎರಡು ಆ್ಯಪ್: ಒಂದರ ಕೋಡ್ ಬಯಲಲ್ಲಿ, ಇನ್ನೊಂದಕ್ಕೆ ಬೀಗ

ಜಪಾನಿ ಬರವಣಿಗೆಯ ಚೀನೀ ಮೂಲದ ಅಕ್ಷರಗಳಾದ ಕಾಂಜಿ ಕಲಿಯಲು ನಾನು ನೆಚ್ಚಿಕೊಂಡಿರುವುದು ವಾನಿಕಾನಿ ಎಂಬ ವೆಬ್‌ಸೈಟ್. ವಾನಿ ಅಂದರೆ ಮೊಸಳೆ, ಕಾನಿ ಅಂದರೆ ಏಡಿ. ಒಟ್ಟು 60 ಲೆವೆಲ್, 2,000ಕ್ಕೂ ಜಾಸ್ತಿ ಕಾಂಜಿ. ಹೊಸದಾಗಿ ಕಲಿತದ್ದನ್ನು 4 ಗಂಟೆ ಬಿಟ್ಟು ಕೇಳುತ್ತದೆ, ಆಮೇಲೆ 8 ಗಂಟೆ, ಒಂದು ದಿನ, ಹೀಗೇ ಹಿಗ್ಗುತ್ತಾ ಕೊನೆಗೆ 4 ತಿಂಗಳು. ನನಗೆ ಬಿಡುವು ಸಿಗುವುದು ಮೆಟ್ರೋದಲ್ಲಿ. ಸುರಂಗದೊಳಗೆ ನನ್ನ ಫೋನಿಗೆ ನೆಟ್‌ವರ್ಕ್ ಇರುವುದಿಲ್ಲ. ಆಫ್‌ಲೈನ್‌ನಲ್ಲೂ ನಡೆಯುವ, ವಾನಿಕಾನಿಯವರಲ್ಲದ ಹೊರಗಿನವರು ಮಾಡಿದ ಆ್ಯಪ್ ಬೇಕೇ ಬೇಕಾಯಿತು.

ಮೊದಲು ಹಾಕಿಕೊಂಡದ್ದು ಮುಚ್ಚಿದ ಕೋಡಿನದು, ಅಂದರೆ ಅದರ ಕೋಡನ್ನು ಹೊರಗಿನವರು ನೋಡಲಾಗದು. ಹೆಸರು ಬೇಡ ಬಿಡಿ. ಕಾಸು ಕೊಟ್ಟೇ ತಗೊಂಡೆ. ನೋಡಲು ಎಷ್ಟು ಚಂದ! ಅಕ್ಷರ ದುಂಡಗೆ, ಬೆರಳಿಟ್ಟ ಕಡೆ ಸಲೀಸು. ಎಂಟು ತಿಂಗಳು ತಕರಾರೇ ಇರಲಿಲ್ಲ. ಆಮೇಲೆ ಒಂದು ಅಪ್‌ಡೇಟ್ ಬಂತು. ಆವತ್ತು ನಾನು ಮುಗಿಸಿದ 87 ರಿವ್ಯೂ, ಅಂದರೆ ಕಲಿತದ್ದನ್ನು ಮತ್ತೆ ಕೇಳುವ ಪ್ರಶ್ನೆಗಳ ಉತ್ತರ, ವಾನಿಕಾನಿಯ ಸರ್ವರ್ ಮುಟ್ಟಲೇ ಇಲ್ಲ. ಮೇಲ್ ಹಾಕಿದೆ, ಉತ್ತರ ಬರಲಿಲ್ಲ. ಸ್ವಲ್ಪ ದಿನಕ್ಕೆ ಆ್ಯಪ್ ಸ್ಟೋರಿನಿಂದಲೇ ಮಾಯ. ಬರೆದವನಿಗೆ ಹುಷಾರಿರಲಿಲ್ಲವೋ, ಹೊಸ ಕೆಲಸ ಸಿಕ್ಕಿತೋ. ಅವನನ್ನು ಬೈಯಲು ಮನಸ್ಸಿಲ್ಲ. ಆದರೆ ಅವನ ಜೊತೆ ಕೋಡೂ ಹೋಯಿತು, ಅಲ್ವಾ?

ಈಗ ಫೋನಿನಲ್ಲಿರುವುದು ಸ್ಮೋಲ್ಡರಿಂಗ್ ಡರ್ಟಲ್ಸ್, ಓಪನ್ ಸೋರ್ಸ್, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಬಹುದು, ಮುಂದುವರಿಸಬಹುದು. ಇದರ ಕಥೆಯೇ ನನಗೆ ಇಷ್ಟ. ಮೊದಲು ಫ್ಲೇಮಿಂಗ್ ಡರ್ಟಲ್ಸ್ (ಉರಿಯುವ ಆಮೆಗಳು ಅನ್ನೋಣ) ಎಂಬ ಆ್ಯಪ್ ಇತ್ತು. ಅದನ್ನು ಬರೆದವರೂ ಒಂದು ದಿನ ಕೆಲಸ ನಿಲ್ಲಿಸಿದರು. ಆದರೆ ಕೋಡ್ ಬಯಲಲ್ಲೇ ಇತ್ತು, ಬೇರೆಯವರು ಎತ್ತಿಕೊಂಡರು. ಉರಿಯುತ್ತಿದ್ದ ಆಮೆ ಆರಲಿಲ್ಲ, ಹೊಗೆಯಾಡುವ ಆಮೆಯಾಯಿತು! ನೋಟದಲ್ಲಿ ಸ್ವಲ್ಪ ಸಪ್ಪೆಯೇ. ಸೆಟ್ಟಿಂಗ್ಸ್ ಎಷ್ಟಿದೆಯೆಂದರೆ ಮೊದಲ ಸಂಜೆ ಒಂದು ಕಾಂಜಿಯನ್ನೂ ಓದದೆ ಅದರಲ್ಲೇ ಕಳೆದೆ. ಐಫೋನ್ ಇಟ್ಟುಕೊಂಡಿರುವ ಗೆಳತಿ ಬಳಸುವುದು ತ್ಸುರುಕಾಮೆ. ಅದೂ ಓಪನ್ ಸೋರ್ಸ್. ಹೆಸರಿನ ಅರ್ಥ ಕೊಕ್ಕರೆ ಮತ್ತು ಆಮೆ. ಈ ಮಂದಿಗೆ ಆಮೆಯ ಮೇಲೆ ಅದೇನು ಪ್ರೀತಿಯೋ.

ಇಂಥ ಆ್ಯಪ್‌ಗೆ ವಾನಿಕಾನಿ ಖಾತೆಯಿಂದ ಒಂದು ಟೋಕನ್ ಕೊಡಬೇಕು. ಅದು ಮನೆಯ ಕೀಲಿಯಿದ್ದಂತೆ. 'ಓಪನ್ ಸೋರ್ಸ್ ಆದರೆ ಕೀಲಿ ಎಲ್ಲಿಗೆ ಹೋಗುತ್ತದೆ ಅಂತ ಓದಿ ನೋಡಬಹುದು' ಅನ್ನುತ್ತಾರೆ. ನಿಜ ಹೇಳಲಾ? ನಾನು ಒಂದು ಸಾಲೂ ಓದಿಲ್ಲ, ಓದಿದರೂ ತಿಳಿಯದು. ನೋಡಬಲ್ಲವರು ಯಾರೋ ನೋಡಿರುತ್ತಾರೆ ಅನ್ನುವ ನಂಬಿಕೆ ಅಷ್ಟೇ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಟೋಕನ್ ಮಾಡಿದ್ದೆ, ರಿವ್ಯೂ ಕಳಿಸುವಂಥ ಬೇಕಾದ ಅನುಮತಿಗೆ ಮಾತ್ರ ಟಿಕ್ ಹಾಕಿದ್ದೆ. ಹಳೆಯ ಆ್ಯಪ್ ಮಾಯವಾದ ದಿನವೇ ಅದರ ಟೋಕನ್ ಅಳಿಸಿದೆ. ಆ 87 ರಿವ್ಯೂ ಮಾತ್ರ ಮತ್ತೆ ಮಾಡಬೇಕಾಯಿತು. ಅದರಲ್ಲಿ 20 ತಪ್ಪಿದೆ.